ಕಾಸರಗೋಡಿನಲ್ಲಿ ಸರಕಾರಿ ಶುಚೀಕರಣ ಗುತ್ತಿಗೆ: ಯಾವ ದಾರಿ ಯಾರಿಗೆ ಹೊಂದುತ್ತದೆ

ಮಂಜೇಶ್ವರದಿಂದ ನೀಲೇಶ್ವರದವರೆಗಿನ ಸರಕಾರಿ ಕಟ್ಟಡಗಳಲ್ಲಿ ಗುಡಿಸುವ, ಒರೆಸುವ, ಶೌಚಾಲಯ ತೊಳೆಯುವ ಕೆಲಸವನ್ನು ಗುತ್ತಿಗೆಗೆ ಪಡೆಯಬೇಕೆಂದು ಹೊರಡುವ ಸಣ್ಣ ಉದ್ಯಮಿಯ ಮುಂದೆ ಮುಖ್ಯವಾಗಿ ನಾಲ್ಕು ದಾರಿಗಳಿವೆ. ಕೇಂದ್ರ ಸರಕಾರದ ಸಂಸ್ಥೆಗಳು ಜೆಮ್ ಎಂಬ ಸರಕಾರಿ ಇ-ಮಾರುಕಟ್ಟೆ ಪೋರ್ಟಲ್‌ನಲ್ಲಿ ಕರೆಯುವ ಬಿಡ್ಡುಗಳು ಮೊದಲನೆಯದು. ಕೇರಳ ಸರಕಾರದ ಇಲಾಖೆ, ಆಸ್ಪತ್ರೆ, ಕಾಲೇಜುಗಳು ರಾಜ್ಯದ ಇ-ಟೆಂಡರ್ ತಾಣದ ಮೂಲಕವೋ ನೇರ ಕೊಟೇಶನ್ ಮೂಲಕವೋ ಕೊಡುವ ಕೆಲಸ ಎರಡನೆಯದು. ಗ್ರಾಮ ಪಂಚಾಯತ್ ಮತ್ತು ನಗರಸಭೆಗಳದು ಮೂರನೆಯದು. ದೊಡ್ಡ ಕಂಪೆನಿಯೊಂದು ಪಡೆದ ಗುತ್ತಿಗೆಯಲ್ಲಿ ಅದರ ಸ್ಥಳೀಯ ಕೈಯಾಗಿ ದುಡಿಯುವುದು ನಾಲ್ಕನೆಯದು.

ಇವುಗಳನ್ನು ಹೋಲಿಸುವಾಗ ಹೆಚ್ಚಿನವರು ಗುತ್ತಿಗೆಯ ಒಟ್ಟು ಮೊತ್ತವನ್ನು ನೋಡುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ತಪ್ಪು ಅಳತೆ. ಶುಚೀಕರಣದ ಗುತ್ತಿಗೆಯಲ್ಲಿ ನೂರಕ್ಕೆ ತೊಂಬತ್ತು ಪಾಲು ಕೂಲಿಯೇ ಆಗಿರುವುದರಿಂದಲೂ, ಕಚೇರಿಯಿಂದ ಬಿಲ್ಲು ಪಾಸಾಗಲಿ ಬಿಡಲಿ ಆ ಕೂಲಿಯನ್ನು ಮರುತಿಂಗಳ ಮೊದಲ ವಾರದಲ್ಲೇ ಕೊಟ್ಟು ಮುಗಿಸಬೇಕಾಗಿರುವುದರಿಂದಲೂ, ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಸರಕಾರದ ಹಣ ಕೈಸೇರುವ ಮುನ್ನ ಎಷ್ಟು ಜನರ ಎಷ್ಟು ತಿಂಗಳ ಕೂಲಿಯನ್ನು ಸ್ವಂತ ಜೇಬಿನಿಂದ ಕೊಡಬಲ್ಲಿರಿ?

ಹನ್ನೆರಡು ಜನರ ಒಂದು ಲೆಕ್ಕ

ಲೆಕ್ಕದ ಅನುಕೂಲಕ್ಕಾಗಿ ದಿನಕ್ಕೆ 600 ರೂಪಾಯಿಯಂತೆ 26 ದಿನ ದುಡಿಯುವ 12 ಮಂದಿಯ ಗುತ್ತಿಗೆಯೊಂದನ್ನು ಕಲ್ಪಿಸಿಕೊಳ್ಳೋಣ. ಒಬ್ಬರ ತಿಂಗಳ ಕೂಲಿ 15,600 ರೂಪಾಯಿ. ಭವಿಷ್ಯ ನಿಧಿಗೆ ಮಾಲಿಕನ ಪಾಲು, ವಿಮೆ ಮತ್ತು ಆಡಳಿತ ಶುಲ್ಕ ಸೇರಿ ಶೇ. 13, ಅದನ್ನು 15,000 ರೂಪಾಯಿಯ ಮಿತಿಗೆ ಲೆಕ್ಕ ಹಾಕಿದರೆ 1,950 ರೂಪಾಯಿ. ಕಾರ್ಮಿಕರ ಆರೋಗ್ಯ ವಿಮೆಯಾದ ಇ.ಎಸ್.ಐ.ಗೆ ಮಾಲಿಕನ ಪಾಲು ಶೇ. 3.25, ಅಂದರೆ 507 ರೂಪಾಯಿ. ಹೀಗೆ ಒಬ್ಬರಿಗೆ 18,057 ರೂಪಾಯಿಯಾದರೆ ಹನ್ನೆರಡು ಜನರಿಗೆ ತಿಂಗಳಿಗೆ 2,16,684 ರೂಪಾಯಿ ಬೀಳುತ್ತದೆ. ಬೋನಸ್, ಗ್ರಾಚ್ಯುಟಿ, ರಜೆಯ ಬದಲಿ ಇವು ಯಾವುವೂ ಈ ಮೊತ್ತದಲ್ಲಿ ಸೇರಿಲ್ಲ.

ಇದರ ಮೇಲೆ ಗುತ್ತಿಗೆದಾರನಿಗೆ ಸಿಗುವುದು ಸೇವಾ ಶುಲ್ಕ. ಕನಿಷ್ಠ ವೇತನದ ಆಧಾರದಲ್ಲಿ ಜನ ಪೂರೈಸುವ ಜೆಮ್ ಬಿಡ್ಡುಗಳಲ್ಲಿ ಈ ಶುಲ್ಕದ ಕೆಳಮಿತಿ ಶೇ. 3.85. ನಮ್ಮ ಉದಾಹರಣೆಯಲ್ಲಿ ಅದು ತಿಂಗಳಿಗೆ 8,342 ರೂಪಾಯಿ, ವರ್ಷಕ್ಕೆ ಸುಮಾರು ಒಂದು ಲಕ್ಷ. ಬಿಲ್ಲಿನ ಮೇಲೆ ಶೇ. 18 ಜಿ.ಎಸ್.ಟಿ. ಸೇರುತ್ತದೆ, ಅದು 40,505 ರೂಪಾಯಿ. ಬಿಲ್ಲು ಕೊಟ್ಟ ಮೇಲೆ ಕಚೇರಿ ಹಣ ಕೊಡುವವರೆಗೆ ತೆರಿಗೆ ಇಲಾಖೆ ಕಾಯುವುದಿಲ್ಲ. ಆದ್ದರಿಂದ ತಿಂಗಳಿಗೆ ಕೈಯಿಂದ ಹೊರಹೋಗುವುದು 2,57,189 ರೂಪಾಯಿ. ಹಣ ಬರುವುದು ಮೂರು ತಿಂಗಳು ತಡವಾದರೆ ಸುಮಾರು 7,71,000 ರೂಪಾಯಿ ಸದಾ ಹೊರಗೇ ಇರುತ್ತದೆ. ಅದನ್ನು ಶೇ. 12ರ ಬಡ್ಡಿಗೆ ತಂದವನು ವರ್ಷಕ್ಕೆ 92,000 ರೂಪಾಯಿಗಿಂತ ಹೆಚ್ಚು ಬಡ್ಡಿ ಕಟ್ಟುತ್ತಾನೆ. 2024ರ ಆಗಸ್ಟ್‌ನಲ್ಲಿ ಪರಿಷ್ಕರಿಸಿದ ಪ್ರಕಾರ 10 ಲಕ್ಷದಿಂದ 10 ಕೋಟಿಯವರೆಗಿನ ಆದೇಶಕ್ಕೆ ಜೆಮ್ ವಿಧಿಸುವ ಶೇ. 0.30 ವಹಿವಾಟು ಶುಲ್ಕವನ್ನೂ ಕಳೆದರೆ, ಒಂದು ಲಕ್ಷದ ಆದಾಯದಲ್ಲಿ ಉಳಿಯುವುದು ಸೊನ್ನೆಗಿಂತ ಕೆಳಗೆ. ಸಮವಸ್ತ್ರ, ಮೇಲ್ವಿಚಾರಕನ ಪೆಟ್ರೋಲು, ಲೆಕ್ಕಪತ್ರದವನ ಸಂಬಳ ಇನ್ನೂ ಬಂದೇ ಇಲ್ಲ.

ಇದೇ ಗುತ್ತಿಗೆಯಲ್ಲಿ ಹಣ ಒಂದೇ ತಿಂಗಳಲ್ಲಿ ಬರುವುದಾದರೆ ಬಡ್ಡಿ ಮೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಸ್ವಂತ ಬಂಡವಾಳವಿದ್ದರೆ ಬಡ್ಡಿಯೇ ಇಲ್ಲ. ಹಾಗಾಗಿ ನಾಲ್ಕು ದಾರಿಗಳ ನಡುವಿನ ಆಯ್ಕೆ ಎಂದರೆ ಹೆಚ್ಚುಕಡಿಮೆ ನಾಲ್ಕು ಬಗೆಯ ಕಾಯುವಿಕೆಗಳ ನಡುವಿನ ಆಯ್ಕೆಯೇ.

ಕೇಂದ್ರದ ಸಂಸ್ಥೆಗಳು ಮತ್ತು ಜೆಮ್

ಜಿಲ್ಲೆಯಲ್ಲಿ ಕೇಂದ್ರದ ದೊಡ್ಡ ಆವರಣಗಳು ಬೆರಳೆಣಿಕೆಯಷ್ಟೇ. ಕೂಡ್ಲಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಆರಂಭವಾದದ್ದು. ಪೆರಿಯದಲ್ಲಿ 2009ರಲ್ಲಿ ಸ್ಥಾಪನೆಯಾದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಇವುಗಳ ಜೊತೆ ಕೇಂದ್ರೀಯ ವಿದ್ಯಾಲಯ, ಅಂಚೆ, ದೂರಸಂಪರ್ಕ ಮುಂತಾದ ಕಚೇರಿಗಳು. 2016ರ ಆಗಸ್ಟ್‌ನಲ್ಲಿ ಆರಂಭವಾದ ಜೆಮ್‌ನಲ್ಲಿ ಸಿಗುವ ಸರಕು ಮತ್ತು ಸೇವೆಗಳನ್ನು ಕೇಂದ್ರದ ಕಚೇರಿಗಳು ಅಲ್ಲಿಂದಲೇ ಪಡೆಯಬೇಕೆಂದು 2017ರ ಸಾಮಾನ್ಯ ಹಣಕಾಸು ನಿಯಮಗಳ 149ನೇ ನಿಯಮ ಹೇಳುತ್ತದೆ. ಆದ್ದರಿಂದ ಈ ಬಾಗಿಲಿನಿಂದ ಒಳಹೋಗುವವರಿಗೆ ಜೆಮ್ ನೋಂದಣಿ ತಪ್ಪಿದ್ದಲ್ಲ. ರೈಲ್ವೆಯ ವಿಷಯ ಬೇರೆ: ಜಿಲ್ಲೆಯ ನಿಲ್ದಾಣಗಳು ಪಾಲಕ್ಕಾಡ್ ವಿಭಾಗಕ್ಕೆ ಸೇರಿವೆ, ರೈಲ್ವೆಗೆ ಐ.ಆರ್.ಇ.ಪಿ.ಎಸ್. ಎಂಬ ತನ್ನದೇ ಆದ ಇ-ಟೆಂಡರ್ ತಾಣವೂ ಇದೆ. ಹಲವು ನಿಲ್ದಾಣಗಳನ್ನು ಒಟ್ಟುಗೂಡಿಸಿ ಯಂತ್ರಗಳ ಸಮೇತ ಕರೆಯುವ ಟೆಂಡರು ಹೊಸಬನ ಅಳವಿಗೆ ಮೀರಿದ್ದು. ಅದನ್ನು ಇಲ್ಲಿಗೇ ಬಿಡುತ್ತೇನೆ.

ಜೆಮ್‌ನಲ್ಲಿ ಶುಚೀಕರಣದ ಕೆಲಸ ಎರಡು ರೂಪಗಳಲ್ಲಿ ಬರುತ್ತದೆ, ಇವೆರಡರ ವ್ಯತ್ಯಾಸ ತಿಳಿಯದೆ ಬಿಡ್ ಹಾಕಬಾರದು. ಇಷ್ಟು ಜನರನ್ನು ಇಷ್ಟು ಕನಿಷ್ಠ ವೇತನಕ್ಕೆ ಒದಗಿಸಿ ಎಂಬುದು ಒಂದು ರೂಪ. ಇಷ್ಟು ಚದರಡಿಯನ್ನು ಇಂಥ ಮಟ್ಟದಲ್ಲಿ ಶುಚಿಯಾಗಿಡಿ, ಜನರೆಷ್ಟು ಎಂಬುದು ನಿಮ್ಮ ಲೆಕ್ಕ ಎಂಬುದು ಎರಡನೆಯದು. ಮೊದಲನೆಯದರಲ್ಲಿ ಕೂಲಿ ನಿಗದಿಯಾಗಿರುವುದರಿಂದ ಸ್ಪರ್ಧೆಯೆಲ್ಲ ಸೇವಾ ಶುಲ್ಕದ ಮೇಲೆ ನಡೆಯುತ್ತದೆ. ಎಲ್ಲರೂ ಕೆಳಮಿತಿಯನ್ನೇ ನಮೂದಿಸಿ ಸಮನಾದಾಗ ಪೋರ್ಟಲ್‌ನ ಯಂತ್ರವೇ ಒಬ್ಬರನ್ನು ಆರಿಸುತ್ತದೆ. ಇದನ್ನು ಗೆಲುವೆನ್ನುವುದಕ್ಕಿಂತ ಅದೃಷ್ಟವೆನ್ನುವುದೇ ಸರಿ, ಮತ್ತು ಗೆದ್ದವನಿಗೆ ಉಳಿಯುವುದೆಷ್ಟೆಂಬುದನ್ನು ಮೇಲಿನ ಲೆಕ್ಕ ತೋರಿಸಿದೆ. ಎರಡನೆಯ ರೂಪದಲ್ಲಿ ಜಾಣತನಕ್ಕೆ ಎಡೆಯಿದೆ, ಅಪಾಯಕ್ಕೂ ಅಷ್ಟೇ ಎಡೆಯಿದೆ. ಬೇಸಿಗೆಯಲ್ಲಿ ಆವರಣ ನೋಡಿ ದರ ಹಾಕಿದವನಿಗೆ ಜೂನ್ ತಿಂಗಳು ಪಾಠ ಕಲಿಸುತ್ತದೆ: ವರ್ಷಕ್ಕೆ 3,000 ಮಿಲಿಮೀಟರ್‌ಗೂ ಮಿಕ್ಕಿ ಮಳೆ ಸುರಿಯುವ ಈ ಕೆಂಪುಮಣ್ಣಿನ ನಾಡಿನಲ್ಲಿ ವರಾಂಡ ದಿನಕ್ಕೆ ಮೂರು ಬಾರಿ ಒರೆಸಿದರೂ ಕೆಸರಿನ ಹೆಜ್ಜೆ ಹೋಗುವುದಿಲ್ಲ, ಮೆಟ್ಟಿಲಿಗೆ ಪಾಚಿ ಕಟ್ಟುತ್ತದೆ, ಅಂಗಳದ ಮಡಲು ತೆಗೆಯುವುದಕ್ಕೇ ಒಬ್ಬಾಳು ಬೇಕಾಗುತ್ತದೆ. ಆವರಣವನ್ನು ಮಳೆಗಾಲದಲ್ಲಿ ನೋಡಲಾಗದಿದ್ದರೆ ಮಳೆಗಾಲದ ನಾಲ್ಕು ತಿಂಗಳಿಗೆ ಹೆಚ್ಚುವರಿ ಆಳುಗಳನ್ನು ಲೆಕ್ಕಕ್ಕೆ ಸೇರಿಸಿಯೇ ದರ ಬರೆಯಬೇಕು.

ಕೇಂದ್ರದ ಕನಿಷ್ಠ ವೇತನದ ತುಟ್ಟಿಭತ್ಯೆ ವರ್ಷಕ್ಕೆರಡು ಬಾರಿ, ಎಪ್ರಿಲ್ 1 ಮತ್ತು ಅಕ್ಟೋಬರ್ 1ರಂದು ಬದಲಾಗುತ್ತದೆ. ಏರಿದ ಕೂಲಿಯನ್ನು ಕಚೇರಿ ಭರಿಸುತ್ತದೆಯೇ ಎಂಬ ಷರತ್ತು ಬಿಡ್ ದಾಖಲೆಯಲ್ಲಿ ಸ್ಪಷ್ಟವಾಗಿರಬೇಕು. ಅದಿಲ್ಲದ ಎರಡು ವರ್ಷದ ಗುತ್ತಿಗೆಯಲ್ಲಿ ಅವಧಿ ಮುಗಿಯುವಷ್ಟರಲ್ಲಿ ಮೂರು ನಾಲ್ಕು ಏರಿಕೆಗಳು ಗುತ್ತಿಗೆದಾರನ ತಲೆಯ ಮೇಲೆ ಬಂದಿರುತ್ತವೆ. ಇನ್ನೊಂದು ತೊಡಕು ನಮ್ಮ ಊರಿನದೇ. ರಿಸರ್ವ್ ಬ್ಯಾಂಕಿನ ಅಂಕಿ-ಅಂಶಗಳಲ್ಲಿ ಗ್ರಾಮೀಣ ದಿನಗೂಲಿಯ ವಿಷಯದಲ್ಲಿ ಕೇರಳ ಬಹುಕಾಲದಿಂದ ದೇಶದ ಮುಂಚೂಣಿಯಲ್ಲಿದೆ. ತೋಟದ ಕೆಲಸಕ್ಕೆ ಸಿಗುವ ಕೂಲಿಗಿಂತ ಟೆಂಡರಿನ ಕೂಲಿ ಕಡಿಮೆಯಿದ್ದರೆ ಅಡಿಕೆ ಕೊಯ್ಲಿನ ಹಂಗಾಮಿನಲ್ಲಿ ಹಾಜರಿ ಪಟ್ಟಿ ಖಾಲಿಯಾಗುತ್ತದೆ, ಗೈರುಹಾಜರಿಗೆ ದಂಡ ಬೀಳುತ್ತದೆ. ವರ್ಷವಿಡೀ ನಿಯಮಿತವಾಗಿ ಸಂಬಳ, ಇ.ಎಸ್.ಐ. ಮತ್ತು ಭವಿಷ್ಯ ನಿಧಿ ಸಿಗುತ್ತದೆಂಬ ನೆಮ್ಮದಿಯೊಂದೇ ಆ ಅಂತರವನ್ನು ತುಂಬಬಲ್ಲದು. ಅದನ್ನು ಕೊಡಲು ಗುತ್ತಿಗೆದಾರನ ಕೈಯಲ್ಲಿ ಹಣವಿರಬೇಕು.

ಶುಚೀಕರಣವನ್ನು ಗುತ್ತಿಗೆಗೆ ಕೊಡುವುದು ಕಾನೂನುಬದ್ಧವೇ ಎಂಬ ಸಂದೇಹ ಕೆಲವರಲ್ಲಿ ಈಗಲೂ ಇದೆ, ಅದಕ್ಕೆ ಕಾರಣವೂ ಇದೆ. ಕೇಂದ್ರದ ವ್ಯಾಪ್ತಿಯ ಸಂಸ್ಥೆಗಳಲ್ಲಿ ಗುಡಿಸುವ, ಶುಚಿಗೊಳಿಸುವ ಕೆಲಸಕ್ಕೆ ಗುತ್ತಿಗೆ ಕಾರ್ಮಿಕರನ್ನು ಬಳಸುವುದನ್ನು 1976ರ ಡಿಸೆಂಬರ್ 9ರ ಅಧಿಸೂಚನೆ ನಿಷೇಧಿಸಿತ್ತು. ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2001ರಲ್ಲಿ ಅದನ್ನು ರದ್ದುಪಡಿಸಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಮೂಲ ಚಟುವಟಿಕೆಗಳಲ್ಲಿ ಗುತ್ತಿಗೆ ಕಾರ್ಮಿಕರನ್ನು ನಿಷೇಧಿಸಿದರೂ ಶುಚೀಕರಣವನ್ನು ಆ ಪಟ್ಟಿಯಿಂದ ಹೊರಗಿರಿಸಿವೆ.

ಅನುಕೂಲಗಳೂ ಇಲ್ಲದಿಲ್ಲ. ಉದ್ಯಮ್ ಎಂಬ ಕೇಂದ್ರದ ತಾಣದಲ್ಲಿ ನೋಂದಣಿಯಿರುವ ಕಿರು ಮತ್ತು ಸಣ್ಣ ಉದ್ಯಮಗಳಿಗೆ ಬಿಡ್‌ನೊಂದಿಗಿನ ಮುಂಗಡ ಠೇವಣಿಯಿಂದ ವಿನಾಯಿತಿಯಿದೆ. ನೋಂದಣಿ ಉಚಿತ, ದಲ್ಲಾಳಿಗೆ ಹಣ ಕೊಡಬೇಕಾಗಿಲ್ಲ. 2012ರ ಖರೀದಿ ನೀತಿಯಂತೆ ಕೇಂದ್ರದ ಸಂಸ್ಥೆಗಳು ತಮ್ಮ ವಾರ್ಷಿಕ ಖರೀದಿಯ ಶೇ. 25ನ್ನು ಇಂಥ ಉದ್ಯಮಗಳಿಂದಲೂ, ಅದರಲ್ಲಿ ಶೇ. 3ನ್ನು ಮಹಿಳೆಯರ ಉದ್ಯಮಗಳಿಂದಲೂ, ಶೇ. 4ನ್ನು ಪರಿಶಿಷ್ಟ ಜಾತಿ ಮತ್ತು ಪಂಗಡದವರ ಉದ್ಯಮಗಳಿಂದಲೂ ಮಾಡಬೇಕು. ಕನಿಷ್ಠ ದರಕ್ಕಿಂತ ಶೇ. 15ರೊಳಗೆ ಹೆಚ್ಚಿಗೆ ಬರೆದ ಸಣ್ಣ ಉದ್ಯಮಕ್ಕೆ ಆ ಕನಿಷ್ಠ ದರಕ್ಕೆ ಇಳಿದು ಕೆಲಸ ಪಡೆಯುವ ಅವಕಾಶವಿದೆ. ಆದರೆ ಎಲ್ಲರೂ ಒಂದೇ ದರ ಬರೆಯುವ ಕೂಲಿ ಆಧಾರಿತ ಬಿಡ್ಡುಗಳಲ್ಲಿ ಈ ಕೊನೆಯ ಸೌಲಭ್ಯದಿಂದ ದೊಡ್ಡ ಪ್ರಯೋಜನವಿಲ್ಲ. ಚದರಡಿಯ ಬಿಡ್ಡುಗಳಲ್ಲಿ ಮಾತ್ರ ಅದಕ್ಕೆ ಬೆಲೆ.

ರಾಜ್ಯದ ಆಸ್ಪತ್ರೆ, ಕಾಲೇಜು, ಇಲಾಖೆಗಳು

ಗ್ರಾಮ ಕಚೇರಿ, ಸಣ್ಣ ಶಾಲೆ, ಕೃಷಿ ಭವನಗಳ ಬಾಗಿಲು ಬಡಿದು ಪ್ರಯೋಜನವಿಲ್ಲ. ಕೇರಳದ ಸಣ್ಣ ಕಚೇರಿಗಳಲ್ಲಿ ಗುಡಿಸುವ ಕೆಲಸಕ್ಕೆ ಅರೆಕಾಲಿಕ ಸ್ವೀಪರ್ ಎಂಬ ಹುದ್ದೆಯೇ ಬಹಳ ಹಿಂದಿನಿಂದ ಇದೆ. ಗುತ್ತಿಗೆಯ ಕೆಲಸ ಹುಟ್ಟುವುದು ದೊಡ್ಡ ಕಟ್ಟಡಗಳಲ್ಲಿ: ಕಾಸರಗೋಡಿನ ಜನರಲ್ ಆಸ್ಪತ್ರೆ, ಕಾಞಂಗಾಡಿನ ಜಿಲ್ಲಾ ಆಸ್ಪತ್ರೆ, ಉಕ್ಕಿನಡ್ಕದ ಸರಕಾರಿ ವೈದ್ಯಕೀಯ ಕಾಲೇಜು ಇಂಥ ಕಡೆಗಳಲ್ಲಿ ಗಮನವಿಡಬೇಕು. ಆಸ್ಪತ್ರೆಗಳಲ್ಲಿ ಕೆಲವು ನೇಮಕಗಳು ಆಸ್ಪತ್ರೆಯ ಆಡಳಿತ ಸಮಿತಿಯ ಮೂಲಕ ದಿನಗೂಲಿಯ ಮೇಲೆ ನಡೆಯುತ್ತವೆ, ಅವು ಗುತ್ತಿಗೆದಾರನಿಗೆ ದಕ್ಕುವಂಥವಲ್ಲ. ಆದ್ದರಿಂದ ಟೆಂಡರು ಬರುವ ಮುನ್ನವೇ ಕಚೇರಿಗೆ ಹೋಗಿ ಅಲ್ಲಿನ ಪದ್ಧತಿ ಯಾವುದೆಂದು ಕೇಳಿ ತಿಳಿಯುವುದು ಒಳ್ಳೆಯದು.

ಈ ದಾರಿಯ ದೊಡ್ಡ ಗುಣವೆಂದರೆ ಗಾತ್ರ. ಕೊಟೇಶನ್‌ಗೆ ಬರುವ ಕೆಲಸಗಳು ಮೂರು ನಾಲ್ಕು ಜನರಿಂದ ಆಗುವಂಥವು. ನೀರಿನ ಟ್ಯಾಂಕಿ ತೊಳೆಯುವುದು, ಚುನಾವಣೆ ಅಥವಾ ಕಲೋತ್ಸವ ಮುಗಿದ ಬಳಿಕದ ಒಮ್ಮೆಯ ಶುಚೀಕರಣ, ಹಾಸ್ಟೆಲಿನ ಮೂರು ತಿಂಗಳ ಕೆಲಸ ಹೀಗೆ. ಇಂಥವುಗಳಿಂದ ಸಿಗುವ ಅನುಭವ ಪತ್ರದ ಬೆಲೆ ಬಿಲ್ಲಿನ ಮೊತ್ತಕ್ಕಿಂತ ಹೆಚ್ಚು. ದೊಡ್ಡ ಟೆಂಡರುಗಳು ಅನುಭವವನ್ನು ಅಳೆಯುವ ಬಗೆ ಸಾಮಾನ್ಯವಾಗಿ ಕೇಂದ್ರ ಜಾಗೃತ ಆಯೋಗದ ಮಾರ್ಗಸೂಚಿಯಿಂದ ಬಂದದ್ದು: ಕಳೆದ ಏಳು ವರ್ಷಗಳಲ್ಲಿ ಅಂದಾಜು ಮೊತ್ತದ ಶೇ. 40ರಷ್ಟಿರುವ ಮೂರು ಕೆಲಸ, ಇಲ್ಲವೇ ಶೇ. 50ರ ಎರಡು, ಇಲ್ಲವೇ ಶೇ. 80ರ ಒಂದು. ಅಂದರೆ 30 ಲಕ್ಷದ ಟೆಂಡರಿಗೆ 12 ಲಕ್ಷದ ಮೂರು ಕೆಲಸಗಳ ಪತ್ರ ಬೇಕು. ಖಾಸಗಿ ಕಲ್ಯಾಣ ಮಂಟಪ, ಆಸ್ಪತ್ರೆಗಳ ಕೆಲಸವನ್ನು ಹಲವು ಟೆಂಡರುಗಳು ಅನುಭವವೆಂದು ಒಪ್ಪುವುದಿಲ್ಲ. ಸರಕಾರಿ ಕಚೇರಿಯ ಸಣ್ಣ ಕೆಲಸವನ್ನು ಒಪ್ಪುತ್ತವೆ. ಕೆಲಸ ಮುಗಿದ ದಿನವೇ ಮೊತ್ತ, ಅವಧಿ, ಜನರ ಸಂಖ್ಯೆ ನಮೂದಿಸಿದ ಪತ್ರವನ್ನು ಅಧಿಕಾರಿಯ ಸಹಿ ಹಾಕಿಸಿ ತೆಗೆದಿಡಬೇಕು, ಏಕೆಂದರೆ ಅಧಿಕಾರಿ ವರ್ಗವಾಗಿ ಹೋದ ಮೇಲೆ ಹೊಸಬರು ತಾವು ಕಾಣದ ಕೆಲಸಕ್ಕೆ ಸಹಿ ಹಾಕಲು ಹಿಂಜರಿಯುತ್ತಾರೆ.

ದೋಷ ಕಾಯುವಿಕೆಯಲ್ಲಿದೆ. ರಾಜ್ಯದ ಬಿಲ್ಲುಗಳು ಖಜಾನೆಯ ಮೂಲಕ ಪಾಸಾಗಬೇಕು, ಖಜಾನೆ ನಿಯಂತ್ರಣ ಜಾರಿಯಲ್ಲಿರುವ ದಿನಗಳಲ್ಲಿ, ವಿಶೇಷವಾಗಿ ಆರ್ಥಿಕ ವರ್ಷದ ಕೊನೆಯಲ್ಲಿ, ಸರತಿ ಉದ್ದವಾಗುತ್ತದೆ. ಜನವರಿಯಿಂದ ಮಾರ್ಚ್‌ವರೆಗಿನ ಕೆಲಸದ ಬಿಲ್ಲನ್ನು ಮಾರ್ಚ್ ಕೊನೆಯ ವಾರಕ್ಕೆ ಬಿಡದೆ ತಿಂಗಳು ತಿಂಗಳು ಕೊಡುವವನು ಸ್ವಲ್ಪ ಮಟ್ಟಿಗೆ ಪಾರಾಗುತ್ತಾನೆ. 2006ರ ಸಣ್ಣ ಉದ್ಯಮಗಳ ಕಾಯಿದೆಯಂತೆ 45 ದಿನಗಳೊಳಗೆ ಹಣ ಕೊಡದಿದ್ದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳುವ ಹಕ್ಕಿದೆ, ಅಂಥ ದೂರು ಕೇಳಲು ಸೌಲಭ್ಯ ಮಂಡಳಿಯಿದೆ. ಆ ಹಕ್ಕನ್ನು ಅದೇ ಕಚೇರಿಯಲ್ಲಿ ಮುಂದಿನ ವರ್ಷವೂ ಕೆಲಸ ಬಯಸುವವನು ಬಳಸುವುದು ಅಪರೂಪ. ಗುತ್ತಿಗೆ ಮುಗಿದು ಬಾಕಿ ಮಾತ್ರ ಉಳಿದಾಗ ಅದು ಉಪಯೋಗಕ್ಕೆ ಬರುತ್ತದೆ.

ಆಸ್ಪತ್ರೆಯ ಟೆಂಡರಿಗೆ ಒಂದು ಎಚ್ಚರಿಕೆಯ ಮಾತು ಹೆಚ್ಚಿಗೆ ಬೇಕು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ತ್ಯಾಜ್ಯವನ್ನು ಹಳದಿ, ಕೆಂಪು, ಬಿಳಿ, ನೀಲಿ ಎಂಬ ನಾಲ್ಕು ಬಣ್ಣಗಳಲ್ಲಿ ಬೇರ್ಪಡಿಸಬೇಕೆಂದೂ, ಅದನ್ನು ಮುಟ್ಟುವ ಎಲ್ಲರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯುವಿನ ಲಸಿಕೆ ಹಾಕಿಸಬೇಕೆಂದೂ ಹೇಳುತ್ತವೆ. ಲಸಿಕೆಯ ಖರ್ಚು, ಕೈಗವಸು, ಚೀಲಗಳ ಖರ್ಚು ಯಾರದೆಂದು ದರ ಬರೆಯುವ ಮುನ್ನ ಲಿಖಿತವಾಗಿ ಕೇಳಬೇಕು. ಕಚೇರಿ ಗುಡಿಸಿದ ಅನುಭವದ ಮೇಲೆ ವಾರ್ಡಿಗೆ ಜನರನ್ನು ಕಳುಹಿಸುವುದು ಆ ಕಾರ್ಮಿಕರಿಗೆ ಮಾಡುವ ಅನ್ಯಾಯ.

ಪಂಚಾಯತ್ ಮತ್ತು ನಗರಸಭೆ

ಜಿಲ್ಲೆಯಲ್ಲಿ 38 ಗ್ರಾಮ ಪಂಚಾಯತ್‌ಗಳೂ ಮೂರು ನಗರಸಭೆಗಳೂ ಇವೆ, ಎಣಿಕೆಯಲ್ಲಿ ಇದೇ ಅತಿ ದೊಡ್ಡ ಮಾರುಕಟ್ಟೆ. ಆದರೆ ಖಾಸಗಿ ಗುತ್ತಿಗೆದಾರನಿಗೆ ಇದರಲ್ಲಿ ತೆರೆದಿರುವ ಪಾಲು ಸಣ್ಣದು. ಮನೆಮನೆಯ ಅಜೈವಿಕ ತ್ಯಾಜ್ಯ ಸಂಗ್ರಹ ಹರಿತ ಕರ್ಮ ಸೇನೆಯದು. ಅದರ ಸದಸ್ಯೆಯರು ಕೇರಳ ಸರಕಾರದ ಮಹಿಳಾ ಸ್ವಸಹಾಯ ಜಾಲವಾದ ಕುಟುಂಬಶ್ರೀಯವರು, ಅವರ ಆದಾಯ ಮನೆಗಳಿಂದ ಬರುವ ಬಳಕೆದಾರ ಶುಲ್ಕ. ದಾರಿಬದಿಯ ಟೇಕ್ ಎ ಬ್ರೇಕ್ ಶೌಚಾಲಯಗಳ ನಿರ್ವಹಣೆಯೂ ಹಲವೆಡೆ ಕುಟುಂಬಶ್ರೀ ಘಟಕಗಳ ಕೈಯಲ್ಲಿದೆ. ಇದನ್ನು ಅಡ್ಡಿಯೆಂದು ಮಾತ್ರ ಕಾಣಬೇಕಿಲ್ಲ. ಬದಿಯಡ್ಕದಲ್ಲೋ ಪೈವಳಿಕೆಯಲ್ಲೋ ಐದಾರು ಮಹಿಳೆಯರು ಈ ಕೆಲಸಕ್ಕೆ ಇಳಿಯುವುದಾದರೆ ಸ್ವಂತ ಸಂಸ್ಥೆ ಕಟ್ಟುವುದಕ್ಕಿಂತ ಕುಟುಂಬಶ್ರೀ ಉದ್ಯಮ ಘಟಕವಾಗಿ ಆರಂಭಿಸುವುದೇ ಹಗುರ ಎಂಬುದು ನನ್ನ ಅಭಿಪ್ರಾಯ. 2017ರಲ್ಲಿ ಓಡಲು ಆರಂಭಿಸಿದ ಕೊಚ್ಚಿ ಮೆಟ್ರೊದ ನಿಲ್ದಾಣಗಳ ಶುಚೀಕರಣಕ್ಕೆ ಕುಟುಂಬಶ್ರೀಯವರನ್ನೇ ತೊಡಗಿಸಿದ್ದು, ಈ ದಾರಿ ಪಂಚಾಯತ್ ಮಟ್ಟದಲ್ಲೇ ನಿಲ್ಲಬೇಕಾಗಿಲ್ಲ ಎಂಬುದಕ್ಕೆ ನಿದರ್ಶನ.

ಬಸ್ ನಿಲ್ದಾಣದ ಕಂಫರ್ಟ್ ಸ್ಟೇಷನ್‌ಗಳ ವ್ಯವಹಾರ ಬೇರೆಯೇ. ಅಲ್ಲಿ ಪಂಚಾಯತ್ ನಿಮಗೆ ಹಣ ಕೊಡುವುದಿಲ್ಲ. ಏಲಂನಲ್ಲಿ ಹೆಚ್ಚು ಕೂಗಿದವನು ಪಂಚಾಯತಿಗೆ ಹಣ ಕಟ್ಟಿ, ಬರುವ ಜನರಿಂದ ಶುಲ್ಕ ಎತ್ತುತ್ತಾನೆ. ಬಿಲ್ಲಿಗಾಗಿ ಕಾಯುವ ಗೋಜಿಲ್ಲ, ದಿನದ ಹಣ ದಿನಕ್ಕೆ ಸಿಗುತ್ತದೆ. ಅದೇ ಕಾರಣಕ್ಕೆ ಏಲಂ ಬಿಸಿಯೇರಿ ದರ ಮೇಲೆ ಹೋಗುತ್ತದೆ. ನಿಲ್ದಾಣದಲ್ಲಿ ಒಂದು ವಾರ ಕುಳಿತು ಜನರನ್ನು ಎಣಿಸದೆ, ಬೇಸಿಗೆಯಲ್ಲಿ ನೀರು ಎಲ್ಲಿಂದ ಬರುತ್ತದೆಂದು ವಿಚಾರಿಸದೆ ಏಲಂ ಕೂಗಬಾರದು.

ಸ್ಥಳೀಯ ಸಂಸ್ಥೆಗಳ ಕೆಲಸದಲ್ಲಿ ತೆರಿಗೆಯ ಒಂದು ಅಂಶ ದರವನ್ನೇ ಬದಲಿಸಬಲ್ಲದು. ಸಂವಿಧಾನದ 243ಜಿ ಮತ್ತು 243ಡಬ್ಲ್ಯು ವಿಧಿಗಳಡಿ ಬರುವ ನೈರ್ಮಲ್ಯದಂಥ ಕಾರ್ಯಗಳಿಗೆ ಸಂಬಂಧಿಸಿ ಪಂಚಾಯತ್ ಅಥವಾ ನಗರಸಭೆಗೆ ಕೊಡುವ, ಸರಕು ಸೇರದ ಶುದ್ಧ ಸೇವೆಗೆ ಜಿ.ಎಸ್.ಟಿ. ವಿನಾಯಿತಿಯಿದೆ. ಪೇಟೆಯ ಬೀದಿ ಗುಡಿಸುವುದು ಇದರೊಳಗೆ ಸುಲಭವಾಗಿ ಬರುತ್ತದೆ. ಸರಕಾರಿ ಕಚೇರಿಯ ಒಳಗಿನ ಕೋಣೆ ಒರೆಸುವುದು ಬರುತ್ತದೆಂದು ತಾನಾಗಿ ತೀರ್ಮಾನಿಸಿ ದರ ಬರೆದರೆ ಮುಂದೆ ತೆರಿಗೆಯೂ ಬಡ್ಡಿಯೂ ಸೇರಿ ಬರುತ್ತದೆ. ದರ ಬರೆಯುವ ಮುನ್ನ ಲೆಕ್ಕಪರಿಶೋಧಕರಲ್ಲಿ ಕೇಳಿ, ದರಪಟ್ಟಿಯಲ್ಲಿ ತೆರಿಗೆ ಪ್ರತ್ಯೇಕ ಎಂದು ಬರೆಯುವುದು ಸುರಕ್ಷಿತ.

ಶೌಚಗುಂಡಿ ಶುಚೀಕರಣವೂ ಸೇರಿದೆ ಎಂಬ ಒಂದು ಸಾಲು ಕೆಲಸದ ಪಟ್ಟಿಯ ಕೊನೆಯಲ್ಲಿ ಕಂಡುಬಂದರೆ ಅಲ್ಲಿ ನಿಲ್ಲಬೇಕು. ರಕ್ಷಣಾ ಸಲಕರಣೆಯಿಲ್ಲದೆ ಮನುಷ್ಯರನ್ನು ಗುಂಡಿಗೆ ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯಿದೆಯ ಪ್ರಕಾರ ಜೈಲುಶಿಕ್ಷೆಯ ಅಪರಾಧ. ಇಂಥ ಸಾವಿಗೆ ಪರಿಹಾರವನ್ನು ಸುಪ್ರೀಂ ಕೋರ್ಟು 2023ರ ಅಕ್ಟೋಬರ್‌ನಲ್ಲಿ 30 ಲಕ್ಷ ರೂಪಾಯಿಗೆ ಏರಿಸಿದೆ. ಹೀರುವ ಯಂತ್ರದ ಲಾರಿಯಿರುವವರಿಗೆ ಆ ಭಾಗವನ್ನು ಪ್ರತ್ಯೇಕವಾಗಿ ಕೊಡುವಂತೆ ಕಚೇರಿಯನ್ನು ಕೇಳಬೇಕು. ಒಪ್ಪದಿದ್ದರೆ ಆ ಕೆಲಸವನ್ನೇ ಬಿಡಬೇಕು.

ದೊಡ್ಡ ಕಂಪೆನಿಯ ನೆರಳಿನಲ್ಲಿ

ಬೆಂಗಳೂರು, ಕೊಚ್ಚಿ, ದೆಹಲಿಯ ಕಂಪೆನಿಗಳು ಇಲ್ಲಿ ಗುತ್ತಿಗೆ ಪಡೆದಾಗ ಜನರನ್ನು ಒದಗಿಸಲು, ಮೇಲ್ವಿಚಾರಣೆ ಮಾಡಲು ಊರಿನವರೊಬ್ಬರನ್ನು ಹುಡುಕುತ್ತವೆ. ಠೇವಣಿ ಅವರದು, ದಾಖಲೆ ಅವರದು, ಕಾಯುವಿಕೆಯೂ ಅವರದೇ ಎಂದು ತೋರುವುದರಿಂದ ಇದು ಹೊಸಬರನ್ನು ಸೆಳೆಯುತ್ತದೆ. ಆದರೆ ಒಪ್ಪಿಗೆಯಿಲ್ಲದ ಒಳಗುತ್ತಿಗೆಯನ್ನು ಹೆಚ್ಚಿನ ಟೆಂಡರುಗಳು ನಿಷೇಧಿಸುತ್ತವೆ. ಹಾಗೆ ಮಾಡಿದ ಕೆಲಸಕ್ಕೆ ಕಚೇರಿಯಿಂದ ಅನುಭವ ಪತ್ರ ಸಿಗುವುದಿಲ್ಲ, ಕಂಪೆನಿ ಕೂಲಿ ತಡೆದರೆ ಮನೆಬಾಗಿಲಿಗೆ ಬರುವವರು ನೆರೆಹೊರೆಯ ಕಾರ್ಮಿಕರೇ. ಕೆಲಸ ಕಲಿಯುವ ಮಟ್ಟಿಗೆ, ಸಂಬಳದ ಮೇಲ್ವಿಚಾರಕನಾಗಿ ಒಂದು ವರ್ಷ ಸೇರುವುದಾದರೆ ಸರಿ. ಹಾಜರಿ ಪಟ್ಟಿ ಬರೆಯುವುದು, ಭವಿಷ್ಯ ನಿಧಿಯ ಚಲನ್ ತುಂಬುವುದು, ಬಿಲ್ಲಿನೊಂದಿಗೆ ಯಾವ ಕಾಗದ ಲಗತ್ತಿಸದಿದ್ದರೆ ಅದು ಹಿಂದೆ ಬರುತ್ತದೆಂಬುದು, ಇವನ್ನೆಲ್ಲ ಅಲ್ಲಿ ಪರರ ಖರ್ಚಿನಲ್ಲಿ ಕಲಿಯಬಹುದು. ಸ್ವಂತ ಹಣ ಹಾಕಿ ಅವರ ಕೆಳಗೆ ದುಡಿಯುವುದನ್ನು ನಾನು ಯಾರಿಗೂ ಸೂಚಿಸಲಾರೆ.

ಗಡಿ ದಾಟುವವರಿಗೆ

ತಲಪಾಡಿಯ ಈಚೆಗೆ ವಾಸ, ಆಚೆಗೆ ವ್ಯವಹಾರ ಎಂಬುದು ನಮ್ಮ ಕಡೆ ಸಾಮಾನ್ಯ. ಮಂಗಳೂರಿನಲ್ಲಿ ನೋಂದಾಯಿಸಿದ ಸಂಸ್ಥೆ ಕಾಸರಗೋಡಿನಲ್ಲಿ ಬಿಡ್ ಹಾಕಲು ತಡೆಯಿಲ್ಲ, ಆದರೆ ಇಲ್ಲಿನ ಕಟ್ಟಡದ ಕೆಲಸಕ್ಕೆ ಅಲ್ಲಿಂದ ಬಿಲ್ಲು ಮಾಡಿದರೆ ಅಂತರರಾಜ್ಯ ತೆರಿಗೆ ಅನ್ವಯವಾಗುತ್ತದೆ, ಇಲ್ಲಿ ಕಾಯಂ ಕಚೇರಿ ತೆರೆದರೆ ಕೇರಳದ ನೋಂದಣಿ ಬೇಕಾಗುತ್ತದೆ. ವೃತ್ತಿ ತೆರಿಗೆ ಕರ್ನಾಟಕದಲ್ಲಿ ತಿಂಗಳಿಗೊಮ್ಮೆ ರಾಜ್ಯಕ್ಕೆ ಕಟ್ಟುವಂಥದ್ದು. ಕೇರಳದಲ್ಲಿ ಅದು ಅರ್ಧವರ್ಷಕ್ಕೊಮ್ಮೆ ಸ್ಥಳೀಯ ಸಂಸ್ಥೆಗೆ ಸಲ್ಲುತ್ತದೆ. ರಾಜ್ಯದ ಟೆಂಡರುಗಳು ಒಪ್ಪಂದಕ್ಕೆ ಕೇರಳದ ಮುದ್ರಾಂಕ ಕಾಗದವನ್ನೇ ಕೇಳುತ್ತವೆ, ಮಂಗಳೂರಿನಲ್ಲಿ ತೆಗೆದದ್ದು ನಡೆಯುವುದಿಲ್ಲ.

ಭಾಷೆಯ ವಿಷಯದಲ್ಲಿ ಕನ್ನಡಿಗರಿಗೆ ಅರ್ಧ ಅನುಕೂಲವಿದೆ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಇಲ್ಲಿನ ಕನ್ನಡ ಭಾಷಾ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸುವ ಹಕ್ಕನ್ನು ಕೊಟ್ಟಿದೆ. ಬಾಕಿ ಬಿಲ್ಲಿನ ಮನವಿಗೆ, ಮಾಹಿತಿ ಕೇಳುವುದಕ್ಕೆ ಅದನ್ನು ಧಾರಾಳವಾಗಿ ಬಳಸಬಹುದು. ಆದರೆ ಟೆಂಡರು ಪ್ರಕಟಣೆಗಳು ಬರುವುದು ಮಲೆಯಾಳದಲ್ಲಿ ಅಥವಾ ಇಂಗ್ಲಿಷಿನಲ್ಲಿ, ಷರತ್ತುಗಳ ಕೊಂಡಿಗಳಿರುವುದೂ ಅಲ್ಲೇ. ಪಂಚಾಯತ್ ಪ್ರಕಟಣೆಯ ಮಲೆಯಾಳವನ್ನು ಅಂದಾಜಿನಲ್ಲಿ ಓದಿ ದರ ಬರೆಯುವ ಬದಲು, ಓದಬಲ್ಲವರಿಂದ ಸಾಲುಸಾಲಾಗಿ ಓದಿಸಿಕೊಳ್ಳಬೇಕು.

ಯಾರಿಗೆ ಯಾವುದು

ಕೈಯಲ್ಲಿ ಒಂದೆರಡು ಲಕ್ಷ ಮಾತ್ರವಿರುವವರು ರಾಜ್ಯದ ಸಣ್ಣ ಕೊಟೇಶನ್‌ಗಳಿಂದ ಆರಂಭಿಸಲಿ, ಮಹಿಳೆಯರ ಗುಂಪಾದರೆ ಕುಟುಂಬಶ್ರೀಯ ಮೂಲಕ ಹೋಗಲಿ. ಎಂಟು ಹತ್ತು ಲಕ್ಷವನ್ನು ಬಡ್ಡಿಯಿಲ್ಲದೆ ತಡೆದುಕೊಳ್ಳಬಲ್ಲವರು, ಮೂರು ಸಣ್ಣ ಕೆಲಸಗಳ ಪತ್ರ ಸೇರಿದ ಮೇಲೆ ಜೆಮ್‌ನ ಚದರಡಿಯ ಬಿಡ್ಡುಗಳನ್ನು ನೋಡಲಿ. ಕೂಲಿ ಆಧಾರಿತ ಬಿಡ್ಡುಗಳು ನೂರಾರು ಕಾರ್ಮಿಕರಿರುವ, ಸಣ್ಣ ಶೇಕಡಾವಾರನ್ನು ದೊಡ್ಡ ಸಂಖ್ಯೆಯಿಂದ ಗುಣಿಸಬಲ್ಲ ಕಂಪೆನಿಗಳಿಗೇ ಸರಿ. ಹನ್ನೆರಡು ಜನರ ಗುತ್ತಿಗೆದಾರನಿಗೆ ಅಲ್ಲಿ ಉಳಿಯುವುದು ಅನುಭವ ಪತ್ರ ಮಾತ್ರ. ಆ ಪತ್ರಕ್ಕಾಗಿಯೇ ಒಂದು ವರ್ಷ ಲಾಭವಿಲ್ಲದೆ ದುಡಿಯಲು ಸಿದ್ಧರಿದ್ದರೆ ಅದೂ ಒಂದು ಲೆಕ್ಕವೇ, ಗೊತ್ತಿದ್ದು ಮಾಡಬೇಕಷ್ಟೆ.

ಯಾವ ದಾರಿ ಹಿಡಿದರೂ ಬಿಡ್ ಒಪ್ಪಿಸುವ ಮುನ್ನ ಮುಕ್ತಾಯದ ಷರತ್ತುಗಳನ್ನು ಓದಿ ದರಕ್ಕೆ ಸೇರಿಸಬೇಕು. ಕೇಂದ್ರದ ಗುತ್ತಿಗೆಗಳಲ್ಲಿ ಮೊತ್ತದ ಶೇ. 3ರಿಂದ 5ರವರೆಗೆ ಇಡುವ ನಿರ್ವಹಣಾ ಠೇವಣಿ ಗುತ್ತಿಗೆ ಮುಗಿದ ಕೂಡಲೇ ಮರಳುವುದಿಲ್ಲ. ಎಲ್ಲ ಕಾರ್ಮಿಕರ ಬಾಕಿ ತೀರಿದೆಯೆಂದು ತೋರಿಸಿದ ಮೇಲೆಯೇ ಮರಳುತ್ತದೆ. ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ನಿಶ್ಚಿತ ಅವಧಿಗೆ ನೇಮಕವಾದವರಿಗೆ ಒಂದು ವರ್ಷ ದುಡಿದರೂ ಗ್ರಾಚ್ಯುಟಿ ಸಲ್ಲುತ್ತದೆ. ಮೇಲಿನ ಉದಾಹರಣೆಯ ಕೂಲಿಗೆ ಅದು ವರ್ಷಕ್ಕೆ ಹದಿನೈದು ದಿನದ ವೇತನದಂತೆ ಒಬ್ಬರಿಗೆ 9,000 ರೂಪಾಯಿ, ಹನ್ನೆರಡು ಜನರಿಗೆ 1,08,000 ರೂಪಾಯಿ. ಈ ಬಾಬತ್ತು ಟೆಂಡರಿನ ದರಪಟ್ಟಿಯಲ್ಲಿ ಇದೆಯೇ ಎಂದು ಬಿಡ್ ಪೂರ್ವ ಸಭೆಯಲ್ಲಿ ಕೇಳಿ, ಉತ್ತರವನ್ನು ತಿದ್ದುಪಡಿ ಪ್ರಕಟಣೆಯಾಗಿ ಹೊರಡಿಸುವಂತೆ ಕೋರಬೇಕು. ಬಾಯಿಮಾತಿನ ಭರವಸೆಯ ಮೇಲೆ ದರ ಬರೆಯಬಾರದು.